ಮೈಕಿನಲ್ಲಿ ನಾನು ಹೇಳುತ್ತಿದ್ದ ಒಂದು ಮಾತು

ಹೋದ ವರ್ಷ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯೆಲ್ಲ ತಮ್ಮದೇ ಎಂಬಂತೆ ಓಡಾಡುವ ದಿನಗಳಲ್ಲಿ ನನ್ನ ಗೆಳೆಯನ ಮಗಳು ಬನಹಟ್ಟಿಯಿಂದ ರಬಕವಿಯ ನಮ್ಮ ಮನೆಗೆ ಬಂದಳು. ಕೈಯಲ್ಲಿ ಮೊಬೈಲು. ಚಹಾ ಮುಂದಿಟ್ಟರೂ ಮುಟ್ಟಲಿಲ್ಲ.

"ಕಾಕಾ, ಇದನ್ನೊಂದೀಟು ನೋಡ್ರಿ" ಎಂದಳು.

ಪರದೇಶದ ನಾಲ್ಕು ಹುಡುಗರು. ಹಣೆಯ ಮೇಲೆ ಕೂದಲು ಇಳಿಬಿಟ್ಟುಕೊಂಡು, ಒಂದೇ ಥರದ ಕೋಟು ಹಾಕಿಕೊಂಡು ಹಾಡುತ್ತಿದ್ದರು. ಎದುರಿಗಿದ್ದ ಹುಡುಗಿಯರು ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡು ಅಳುತ್ತಿದ್ದರು. ಯಾರೋ ಸತ್ತಿರಬೇಕು ಎಂದುಕೊಂಡೆ. ಅಲ್ಲ, ಅದು ಸಂತೋಷದ ಅಳು ಎಂದು ಅವಳೇ ತಿಳಿಸಿಕೊಟ್ಟಳು.

"ಇವರು ಹಾಡೂದು ಬಿಟ್ಟು ಭಾಳ ವರ್ಷ ಆತಂತ್ರಿ. ಇಂಥವರು ಮತ್ತ ಬರತಾರೇನು ಅಂತ ಮಂದಿ ಇನ್ನೂ ವಾದಾ ಮಾಡತಾರಂತ. ನೀವೇನಂತೀರಿ?"

"ಬರಂಗಿಲ್ಲ" ಎಂದೆ.

ನನಗೆ ಆ ನಾಲ್ವರ ಭಾಷೆ ಗೊತ್ತಿಲ್ಲ, ಹಾಡು ಗೊತ್ತಿಲ್ಲ, ಆ ಕ್ಷಣದವರೆಗೆ ಅವರು ಇದ್ದರೆಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಉತ್ತರ ಬಾಯಿಂದ ಬಂದೇಬಿಟ್ಟಿತು. ಹಿಪ್ಪರಗಿಯ ಸಾಲಿಯಲ್ಲಿ ಸೇವೆಯ ಮುಕ್ಕಾಲು ಭಾಗ ಕಳೆದ ಮಾಸ್ತರ ನಾನು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವ ಚಟ ನಿವೃತ್ತಿಯಾದ ಮೇಲೂ ಹೋಗಿಲ್ಲ.

ಅವಳು ಮೊಬೈಲು ಕೆಳಗಿಟ್ಟಳು. "ನಮ್ಮಪ್ಪನ ಮ್ಯಾಳಕ್ಕೂ ನೀವು ಹಿಂಗ ಹೇಳ್ತೀರಿ. ಮೈಕ್ ಹಿಡದಾಗೊಮ್ಮೆ ಹೇಳ್ತೀರಿ."

ಆಮೇಲೆ ಬಂದ ಕೆಲಸ ತಿಳಿಸಿದಳು. ನಾಲ್ಕು ಮಂದಿ ಹುಡುಗಿಯರು ಸೇರಿ ಒಂದು ಮೇಳ ಕಟ್ಟಿದ್ದಾರೆ. ಮೊದಲ ಕಾರ್ಯಕ್ರಮ ಬನಹಟ್ಟಿಯ ನೇಕಾರರ ಸಭಾಭವನದಲ್ಲಿ. ಅವಳ ಅಪ್ಪ ಹಾಡುತ್ತಿದ್ದ ಹಾಡುಗಳನ್ನೇ ಹಾಡುತ್ತಾರೆ. ಯಾವ ಹಾಡು, ಯಾರು ಹಾಡುತ್ತಾರೆ ಎಂದು ಮೈಕಿನಲ್ಲಿ ಹೇಳುವ ಕೆಲಸ ನಾನು ಮಾಡಬೇಕು.

"ಆದ್ರ ಆ ಮಾತೊಂದು ಹೇಳಬ್ಯಾಡ್ರಿ ಕಾಕಾ. ಅಪ್ಪ ಮುಂದ ಕುಂತಿರ್ತಾನ. ಆ ಮಾತು ಕೇಳಿದ ಮ್ಯಾಲ ನಂಗ ದನಿ ಏಳೂದಿಲ್ರಿ."

"ನಿಮ್ಮಪ್ಪಗ ಕಿವಿ ಎಲ್ಲಿ ಕೇಳಸ್ತಾವು?"

"ಅವಗ ಕೇಳಸಾಂಗಿಲ್ರಿ. ನಂಗ ಕೇಳಸ್ತಾವಲ್ಲ."

ನೋಡೋಣ ಎಂದೆ. ಮನಸ್ಸಿನೊಳಗೆ ಮಾತ್ರ ಸಿಟ್ಟು ಬಂದಿತ್ತು. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ನನಗೆ ಏನು ಮಾತಾಡಬೇಕು, ಏನು ಬಿಡಬೇಕು ಎಂದು ಹೇಳಿಕೊಡುತ್ತಾಳಲ್ಲ ಎಂದು.

ಆ ಮಾತು ಯಾವುದೆಂದರೆ, "ಅಂಥವರು ಮತ್ತೆ ಹುಟ್ಟುವುದಿಲ್ಲ." ಜಮಖಂಡಿಯಲ್ಲಿ ಸನ್ಮಾನವಿರಲಿ, ಮುಧೋಳದಲ್ಲಿ ಮದುವೆಯಿರಲಿ, ಮಾತು ಎಲ್ಲಿಂದ ಶುರುವಾದರೂ ಕಡೆಗೆ ನಾನು ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆಯಲ್ಲಿ ನಾಲ್ಕರಲ್ಲಿ ಒಂದು ಪಾಲು ನನ್ನದು ಎಂದು ನನಗೆ ಗೊತ್ತಿತ್ತು, ಏಕೆಂದರೆ ಆ ಮೇಳದಲ್ಲಿ ನಾನೂ ಒಬ್ಬನಾಗಿದ್ದೆ.

ನಾವು ನಾಲ್ವರು. ಹಾಡುವವನೊಬ್ಬ, ಇವಳ ಅಪ್ಪ. ತಬಲಾ ಬಾರಿಸುವವನೊಬ್ಬ. ಹಾರ್ಮೋನಿಯಮ್ಮಿನವನೊಬ್ಬ. ನಾಲ್ಕನೆಯವನು ನಾನು. ನನಗೆ ಹಾಡಲೂ ಬರುತ್ತಿರಲಿಲ್ಲ, ಬಾರಿಸಲೂ ಬರುತ್ತಿರಲಿಲ್ಲ, ಮಾತಾಡಲು ಬರುತ್ತಿತ್ತು. ಇನ್ನೂ ಮೀಸೆ ಸರಿಯಾಗಿ ಮೂಡದ ವಯಸ್ಸು. ಬನಹಟ್ಟಿಯ ಒಂದೇ ಓಣಿಯವರು, ಎಲ್ಲರ ಮನೆಯಲ್ಲೂ ಮಗ್ಗ. ತಬಲಾದವನ ಮನೆಯಲ್ಲಿ ಕರೆಂಟಿನ ಮಗ್ಗ ನಾಲ್ಕಿದ್ದವು. ಹಾಡುವವನು ಅಲ್ಲಿಯೇ ಕೆಲಸಕ್ಕಿದ್ದ. ಹಾರ್ಮೋನಿಯಮ್ಮಿನವನೂ ನಾನೂ ಬಿಡುವಾದಾಗಲೆಲ್ಲ ಅಲ್ಲಿಗೇ ಹೋಗುತ್ತಿದ್ದೆವು. ನಮ್ಮ ತಾಲೀಮೆಲ್ಲ ಆ ಮಗ್ಗದ ಕೋಣೆಯಲ್ಲಿ.

ನಾಲ್ಕು ಮಗ್ಗ ಒಮ್ಮೆಗೇ ಓಡುವಾಗ ಹೊರಗಿನವರಿಗೆ ಅದು ಬರೀ ಗದ್ದಲ. ಒಳಗಿನವನಿಗೆ ತನ್ನ ಮಗ್ಗದ ಸದ್ದು ಬೇರೆಯಾಗಿಯೇ ಕೇಳುತ್ತದೆ. ತಬಲಾದವನು ನೋಡಿಕೊಳ್ಳುತ್ತಿದ್ದ ಮಗ್ಗ ಬಹಳ ಹಳೆಯದು, ಸ್ವಲ್ಪ ಕುಂಟುತ್ತಿತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ ಬರುವುದಕ್ಕಿಂತ ಈ ಕಡೆಯಿಂದ ಆ ಕಡೆಗೆ ಹೋಗುವಾಗ ಒಂದು ಕೂದಲೆಳೆಯಷ್ಟು ತಡ. ಆ ಕುಂಟು ಓಟಕ್ಕೆ ನಮ್ಮ ಗಾಯಕ ಹಾಡು ಹೊಂದಿಸಿಕೊಂಡಿದ್ದ. ಮಗ್ಗದ ಸದ್ದನ್ನು ಮೀರಿ ಹಾಡಬೇಕಾದ್ದರಿಂದ ಅವನ ದನಿ ಹೊಟ್ಟೆಯೊಳಗಿಂದ ಬರುತ್ತಿತ್ತು. ಹಾರ್ಮೋನಿಯಮ್ಮಿನವನು ಏನು ನುಡಿಸುತ್ತಿದ್ದ ಎಂದು ಮಾತ್ರ ಅಲ್ಲಿ ಯಾರಿಗೂ ಕೇಳುತ್ತಿರಲಿಲ್ಲ, ಅವನಿಗೂ. ಅವನ ಬೆರಳು ನೋಡಿ ನಾವು ತಲೆದೂಗುತ್ತಿದ್ದೆವು. ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು, ನಾವೂ ಹಾಡು ಬಿಟ್ಟು ಚಹಾದಂಗಡಿಗೆ ಓಡುತ್ತಿದ್ದೆವು.

ಇದರಲ್ಲಿ ಎಂಥ ಹುಚ್ಚುತನವಿದೆ ಎಂದು ನಮಗೆ ಹೊಳೆದದ್ದು ಮುಧೋಳದಲ್ಲಿ, ನಮ್ಮ ಮೊಟ್ಟಮೊದಲ ಕಾರ್ಯಕ್ರಮದ ದಿನ. ಒಂದು ದೊಡ್ಡ ಮನೆತನದ ಮದುವೆ. ಅಕ್ಕಿಕಾಳು ಬಿದ್ದು, ಊಟದ ಮೊದಲ ಪಂಕ್ತಿ ಎದ್ದಿತ್ತು. ನಾನು ಮೈಕಿನಲ್ಲಿ ನಮ್ಮನ್ನು ನಾವೇ ಆಕಾಶಕ್ಕೇರಿಸಿದೆ. ಗಾಯಕ ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದ. ಎರಡನೆಯ ಸಾಲಿಗೆ ತಪ್ಪಿದ. ಮತ್ತೆ ಎತ್ತಿದ, ಮತ್ತೆ ತಪ್ಪಿದ. ಹಣೆಯ ಮೇಲೆ ಬೆವರು. ತಬಲಾ ಒಂದು ಕಡೆ, ಹಾಡು ಇನ್ನೊಂದು ಕಡೆ, ಹಾರ್ಮೋನಿಯಮ್ಮಂತೂ ಯಾವ ಊರಿನಲ್ಲಿತ್ತೋ. ಬೀಗರ ಕಡೆಯವರು ಮುಸಿಮುಸಿ ನಗತೊಡಗಿದರು.

"ಏನಾತಲೇ?" ಎಂದು ತಬಲಾದವನು ಮೆಲ್ಲಗೆ ಕೇಳಿದ.

"ಎಲ್ಲಾ ಸುಮ್ಮಗಾಗೇತಲೇ" ಎಂದ ಗಾಯಕ. ಅವನ ಮುಖ ಅಳುವ ಹಾಗಿತ್ತು. "ಇಷ್ಟ ಸುಮ್ಮಗಿದ್ರ ಹ್ಯಾಂಗ ಹಾಡ್ಲಿ?"

ಆಗ ನಮಗೆ ತಿಳಿಯಿತು. ಅಷ್ಟು ತಿಂಗಳು ತಾಲೀಮು ಮಾಡಿದವರು ಮಗ್ಗ ನಿಂತಾಗ ಒಂದೇ ಒಂದು ಸಲವೂ ಹಾಡಿ ನೋಡಿರಲಿಲ್ಲ. ನೇಕಾರರ ಮಕ್ಕಳಲ್ಲದೆ ಇಂಥ ತಪ್ಪನ್ನು ಬೇರೆ ಯಾರೂ ಮಾಡಲಾರರು.

ತಬಲಾದವನ ಹತ್ತಿರ ಒಂದು ಸವೆದ ಲಾಳಿ ಇತ್ತು. ತಬಲಾದ ಬಾರು ಬಿಗಿಯಲು ಎಲ್ಲರೂ ಸಣ್ಣ ಸುತ್ತಿಗೆ ಇಟ್ಟುಕೊಂಡರೆ ಅವನು ಅದನ್ನು ಇಟ್ಟುಕೊಂಡಿದ್ದ. ಮದುಮಕ್ಕಳು ಕುಳಿತೆದ್ದ ಮಣೆಯೊಂದು ಅಲ್ಲೇ ಬಿದ್ದಿತ್ತು. ಅದನ್ನು ಎಳೆದುಕೊಂಡ, ಎಡಗೈಯಲ್ಲಿ ಲಾಳಿ ಹಿಡಿದ, ಮಣೆಯ ಮೇಲೆ ತನ್ನ ಮಗ್ಗವನ್ನು ಓಡಿಸತೊಡಗಿದ. ಅದೇ ಕುಂಟು ಓಟ. ಬಲಗೈ ತಬಲಾದ ಮೇಲೆ. ಗಾಯಕನ ಮುಖಕ್ಕೆ ಜೀವ ಬಂತು. ಅವನು ಮತ್ತೆ ಬಾಯಿ ತೆರೆದಾಗ ಎರಡನೆಯ ಪಂಕ್ತಿಗೆ ಕುಳಿತಿದ್ದವರು ಎಂಜಲು ಕೈಯಲ್ಲೇ ಎದ್ದು ಬಂದರು.

ಅಲ್ಲಿಂದ ಮುಂದಿನ ಕೆಲವು ವರ್ಷ ನಮ್ಮವು. ಬೀಳಗಿ, ಮಹಾಲಿಂಗಪುರ, ತೇರದಾಳ, ಜಮಖಂಡಿ, ನಾವು ಹೋಗದ ಊರಿಲ್ಲ. ಹಾಡುಗಳು ಎಲ್ಲರಿಗೂ ಗೊತ್ತಿದ್ದವೇ, ಆದರೆ ಅವುಗಳ ಕೆಳಗೆ ಓಡುವ ಆ ಕಟಕು ಸದ್ದು ಬೇರೆ ಯಾವ ಆರ್ಕೆಸ್ಟ್ರಾದಲ್ಲೂ ಇರಲಿಲ್ಲ. ಮುದುಕರು ಹೆಗಲ ಮೇಲಿನ ಟಾವೆಲ್ಲು ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಮಗಾಗಿ ಮದುವೆಯ ದಿನವನ್ನೇ ಮುಂದೆ ಹಾಕಿಕೊಂಡವರೂ ಇದ್ದರು. ನನ್ನನ್ನು ಕೇಳಿದರೆ ಆ ವರ್ಷಗಳಲ್ಲಿ ಕೃಷ್ಣೆಯ ನೀರು ಕೂಡ ಈಗಿನದಕ್ಕಿಂತ ರುಚಿಯಾಗಿತ್ತು. ಇದು ಮುದಿತನದ ಮಾತು ಎಂದು ಗೊತ್ತಿದೆ, ಆದರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮೇಳ ಒಡೆದದ್ದು ಜಗಳದಿಂದಲ್ಲ. ಹಾರ್ಮೋನಿಯಮ್ಮಿನವನು ಹೆಂಡತಿಯ ತವರಿನವರ ಜೊತೆ ಮಗ್ಗ ಹಾಕಲು ಇಚಲಕರಂಜಿಗೆ ಹೋದ. ನನಗೆ ಮಾಸ್ತರಿಕೆ ಸಿಕ್ಕಿತು. ಇನ್ನಿಬ್ಬರು ಬಹಳ ದಿನ ಕೂಡಿಯೇ ಇದ್ದರು. ಆಮೇಲೆ ತಬಲಾದವನು ಎದೆನೋವಿನಿಂದ ತೀರಿಕೊಂಡ. ಅವನ ಹೆಂಡತಿ ಆ ಸವೆದ ಲಾಳಿಯನ್ನು ನನ್ನ ಕೈಯಲ್ಲಿಟ್ಟು, "ಇದನ್ನ ನೀವ ಇಟಗೋರಿ ಮಾಸ್ತರ, ಮನ್ಯಾಗ ನೋಡಿದ್ರ ಸಂಕಟ ಆಗತೈತಿ" ಎಂದಳು. ಅದನ್ನು ಸನ್ಮಾನದ ಶಾಲುಗಳ ನಡುವೆ ಕಪಾಟಿನಲ್ಲಿಟ್ಟೆ. ಗಾಯಕ ಅಂದಿನಿಂದ ಹಾಡಲಿಲ್ಲ. ಮಗ್ಗಗಳ ನಡುವೆಯೇ ಆಯುಷ್ಯ ಕಳೆದವನ ಕಿವಿ ಮೊದಲೇ ಮಂದವಾಗಿತ್ತು, ಬರಬರುತ್ತಾ ಪೂರ್ತಿ ಮುಚ್ಚಿಕೊಂಡಿತು. ಈಗ ಮಗಳು ಎದುರಿಗೆ ನಿಂತು ತುಟಿ ಆಡಿಸಿದರೆ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ಬೈಯುತ್ತಾನೆ.

ಮಗಳು ಬಂದು ಹೋದ ವಾರದಲ್ಲೇ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಎದುರಿನ ರಸ್ತೆಯಲ್ಲಿ ಎರಡು ಟ್ರೇಲರು ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರು ನಿಂತಿತು. ಅದರ ಚಾಲಕ, ನಲವತ್ತರ ಆಸುಪಾಸಿನವನು, ಇಳಿದು ಬಂದು ನನ್ನ ಕಾಲು ಮುಟ್ಟಿದ.

"ಗುರ್ತು ಸಿಗಲಿಲ್ಲೇನ್ರಿ? ಬೀಳಗ್ಯಾಗ ನಮ್ಮ ಆರ್ಕೆಸ್ಟ್ರಾ ಉದ್ಘಾಟನಾಕ್ಕ ಬಂದಿದ್ರಲ್ಲ."

ನೆನಪಾಯಿತು. ಐದಾರು ಹುಡುಗರು ಹೊಸ ಕೀಬೋರ್ಡು ತಂದು ಹೂವು ಹಾಕಿ ನಿಂತಿದ್ದರು. ಇವನು ಹಾಡುತ್ತಿದ್ದ. ಒಳ್ಳೆಯ ದನಿ.

"ಈಗೂ ಹಾಡ್ತೀರಿಲ್ಲೋ?" ಎಂದೆ.

ಅವನು ನಕ್ಕ. "ಎಲ್ಲಿದ್ರಿ. ನೀವು ಅವತ್ತ ಹೇಳಿದ್ರಲ್ಲ, ಅಂಥವರು ಮತ್ತ ಹುಟ್ಟೂದಿಲ್ಲ ಅಂತ. ನಮ್ಮಪ್ಪ ಮುಂದ ಕುಂತಿದ್ದ. ಮನಿಗೆ ಹೋಗಿ ಅಂದ, ಮಾಸ್ತರ ಖರೇ ಹೇಳ್ಯಾರ, ಸುಮ್ಮ ಯಾಕ ಒದ್ದಾಡ್ತಿ, ದುಡಿಯೂದು ನೋಡು ಅಂತ. ಅದೂ ಖರೇನ ಆತು ಬಿಡ್ರಿ. ಈಗ ಬಾಡಗಂಡಿ ಫ್ಯಾಕ್ಟರಿಗೆ ಕಬ್ಬು ಹೊಡಿತೇನಿ, ಛಲೋ ಅದೇನಿ."

ಅವನ ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಎದುರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವನು ಒಂದು ಕಬ್ಬಿನ ಗಳ ಮುರಿದು ಕೈಗೆ ಕೊಟ್ಟು ಹೋದ. ರಬಕವಿಯ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಸಾಲಿಯಲ್ಲಿ ಅಷ್ಟು ವರ್ಷ ಮಕ್ಕಳಿಗೆ ಬರುತ್ತದೆ, ಬರುತ್ತದೆ, ಇನ್ನೊಮ್ಮೆ ಮಾಡು ಎಂದು ಹೇಳಿದವನು ಹಾಡುವ ಹುಡುಗರಿಗೆ ಬರುವುದಿಲ್ಲ ಎಂದು ಹೇಳಿದ್ದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಆದರೆ ನಾಚಿಕೆಯಾದ ಕೂಡಲೇ ಮನುಷ್ಯ ಸುಧಾರಿಸುತ್ತಾನೆ ಎಂದೇನಿಲ್ಲ. ಕಾರ್ಯಕ್ರಮಕ್ಕೆ ಹೋಗುವ ದಿನ ಕಪಾಟಿನಿಂದ ಲಾಳಿ ತೆಗೆದು ಚೀಲದಲ್ಲಿ ಹಾಕಿಕೊಂಡೆ. ಹುಡುಗಿಯರು ಎಡವಿದರೆ ಇದನ್ನು ಹೊರಗೆ ತೆಗೆದು, ನೋಡ್ರಿ, ಇದರಾಗಿತ್ತು ನಮ್ಮ ಗುಟ್ಟು ಎಂದು ಹೇಳುವುದು ನನ್ನ ಲೆಕ್ಕಾಚಾರ. ಆ ಮಾತನ್ನು ಆಡುವುದಿಲ್ಲ, ಆಡದೆಯೇ ತೋರಿಸಿಬಿಡುತ್ತೇನೆ.

ಕಾರ್ಯಕ್ರಮ ಮಧ್ಯಾಹ್ನದ ಮೂರಕ್ಕೇ ಇಟ್ಟಿದ್ದರು. ಕೀಬೋರ್ಡಿನ ಹುಡುಗಿ ತೇರದಾಳದ ಜೈನರ ಮನೆಯವಳು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಅವಳು ಬಸ್ಸು ಹಿಡಿದು ಮನೆ ಸೇರಬೇಕು. ಉಳಿದವರಲ್ಲಿ ಒಬ್ಬಳು ಢೋಲಕ, ಇನ್ನೊಬ್ಬಳು ಜೊತೆಗೆ ದನಿ ಕೂಡಿಸುವವಳು. ಮೂವರೂ ನನ್ನ ಗೆಳೆಯನ ಮಗಳ ಹತ್ತಿರ ಬ್ಲೌಸು ಹೊಲಿಯಲು ಕಲಿತವರೇ. ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದ ಮೇಲೆ ಅವಳು ಖಾಲಿಯಾದ ಒಂದು ಮಗ್ಗದ ಕೋಣೆಯಲ್ಲೇ ಹೊಲಿಗೆ ಮಷಿನ್ನು ಇಟ್ಟುಕೊಂಡಿದ್ದಾಳೆ.

ಪರದೆ ಸರಿದಾಗ ವೇದಿಕೆಯ ಮೇಲೆ ಕೀಬೋರ್ಡು, ಢೋಲಕ, ನಡುವೆ ಕಾಲಿನಿಂದ ತುಳಿಯುವ ಒಂದು ಹೊಲಿಗೆ ಮಷಿನ್ನು. ಸಭೆಯಲ್ಲಿ ನಗು ಎದ್ದಿತು.

"ಏನಬೇ, ಹಾಡ್ತೀಯೋ, ಜಂಪರ ಹೊಲಿತೀಯೋ?" ಎಂದು ಹಿಂದಿನಿಂದ ಒಬ್ಬಳು ಅಜ್ಜಿ ಕೂಗಿದಳು.

"ಎರಡೂ ಮಾಡ್ತೇನಿ, ತಡೀ ಆಯಿ" ಎಂದಳು ಇವಳು. ಮುಖ ಮಾತ್ರ ಬಿಳಿಚಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ, "ಕಾಕಾ, ಮಷಿನ್ ಇಲ್ದ ನಮ್ಗ ಹಾಡಾಕ ಬರಾಂಗಿಲ್ರಿ. ಹೊಲಕೋತನ ಕಲ್ತೇವಿ. ಮನ್ಯಾಗ ಒಮ್ಮಿ ಮಷಿನ್ ಬಿಟ್ಟು ಹಾಡಿ ನೋಡಿದ್ವಿ, ಎಲ್ಲಾ ತಪ್ಪಿತು" ಎಂದಳು.

ಮುಧೋಳದ ಸಂಗತಿಯನ್ನು ನಾವು ಯಾರಿಗೂ ಹೇಳಿರಲಿಲ್ಲ. ನಾಚಿಕೆಯ ಸಂಗತಿ ಎಂದು ಮುಚ್ಚಿಟ್ಟು, ಲಾಳಿ ಬಡಿಯುವುದು ನಾವು ಬೇಕೆಂದೇ ಹುಡುಕಿದ ಕಲೆ ಎಂದು ಊರೂರಲ್ಲಿ ಹೇಳಿಕೊಂಡಿದ್ದೆವು. ಮುಖ್ಯವಾಗಿ ನಾನೇ ಹೇಳಿದ್ದೆ.

ಅವಳು ಅಪ್ಪನನ್ನು ಮುಂದಿನ ಸಾಲಿನಿಂದ ಎಬ್ಬಿಸಿಕೊಂಡು ಬಂದು ಮಷಿನ್ನಿನ ಪಕ್ಕದ ಕುರ್ಚಿಯಲ್ಲಿ ಕೂಡಿಸಿದಳು. ಅವನ ಬಲ ಅಂಗೈಯನ್ನು ಮಷಿನ್ನಿನ ಹಲಗೆಯ ಮೇಲೆ ಇಟ್ಟಳು. ದಾರ ಪೋಣಿಸದ ಮಷಿನ್ನನ್ನು ತುಳಿಯಲು ಶುರು ಮಾಡಿದಳು.

ಗೆಳೆಯ ಕಣ್ಣು ಸಣ್ಣದು ಮಾಡಿದ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಕಿವುಡರು ಮಾತಾಡುವಷ್ಟು ದೊಡ್ಡದಾಗಿ ಹೇಳಿದ.

"ಇದು ಅವನ ಮಗ್ಗ ಅಲ್ಲ."

ಅವಳ ಮುಂದಿದ್ದ ಮೈಕು ಆ ಮಾತನ್ನು ಕಡೆಯ ಸಾಲಿನ ತನಕ ಮುಟ್ಟಿಸಿತು. ಅವಳ ಕಾಲು ಪೆಡಲಿನ ಮೇಲೆ ನಿಂತಿತು.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಂತೋಷವಾಯಿತು. ನನ್ನ ಮಾತನ್ನು ನನ್ನ ಬದಲು ಅವನೇ ಆಡಿದ್ದ. ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಗಿ ಲಾಳಿಯನ್ನು ಹಿಡಿಯಿತು.

ಅಷ್ಟರಲ್ಲಿ ಅವಳು ಅಪ್ಪನ ಎದುರಿಗೆ ಬಗ್ಗಿ, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಹೌದಪ್ಪಾ, ಅವನ ಮಗ್ಗ ಅಲ್ಲ. ಇದು ನನ್ನ ಮಷಿನ್."

ಅವನ ಕೈ ತೆಗೆದುಕೊಂಡು ಮತ್ತೆ ಹಲಗೆಯ ಮೇಲಿಟ್ಟಳು. ಬಿಡದೆ ಅದರ ಮೇಲೆ ತನ್ನ ಎಡಗೈಯನ್ನೂ ಇಟ್ಟುಕೊಂಡು ತುಳಿಯತೊಡಗಿದಳು. ಆ ಓಟ ಕುಂಟುತ್ತಿರಲಿಲ್ಲ. ಬ್ಲೌಸಿನ ಉದ್ದ ಹೊಲಿಗೆಯಲ್ಲಿ ಸರಸರ ಓಡಿ, ಕೊರಳಿನ ತಿರುವು ಬಂದಾಗ ನಿಧಾನವಾಗಿ, ತಿರುವು ದಾಟಿ ಮತ್ತೆ ಓಡುವಂಥದ್ದು. ಹಾಡು ಶುರುವಾಯಿತು. ಅಪ್ಪನದೇ ಹಾಡು, ಆದರೆ ನಾವು ಒಂದೇ ಬೀಸಿಗೆ ಓಡಿಸಿಕೊಂಡು ಹೋಗುತ್ತಿದ್ದ ಸಾಲಿನ ನಡುವೆ ಇವಳು ನಿಧಾನವಾದಳು. ಅಲ್ಲಿ ಒಂದು ದುಃಖವಿತ್ತು. ಅಷ್ಟು ಊರುಗಳಲ್ಲಿ ಆ ಹಾಡನ್ನು ಕೇಳಿದ್ದ ನನಗೆ ಅದು ಅಂದೇ ಮೊದಲು ಕಂಡಿತು. ದನಿ ಅಪ್ಪನಷ್ಟು ದೊಡ್ಡದಲ್ಲ. ಢೋಲಕದವಳು ಎರಡು ಕಡೆ ಅವಸರ ಮಾಡಿದಳು. ನಮ್ಮ ಹಾಗೆ ಅವರು ಹಾಡಲಿಲ್ಲ. ನಮ್ಮ ತಬಲಾದವನು ಇದ್ದಿದ್ದರೆ ಎಂದು ಒಂದು ಸಲ ಅನ್ನಿಸಿತು, ಅದೂ ಸುಳ್ಳಲ್ಲ. ಅವನು ಮತ್ತೆ ಬರುವುದಿಲ್ಲ. ಆದರೆ ಕಣ್ಣೊರೆಸಿಕೊಂಡಾಗ ಯಾರಿಗಾಗಿ ಅಳುತ್ತಿದ್ದೇನೆ ಎಂದು ನನಗೆ ಬೇರ್ಪಡಿಸಿ ಹೇಳಲು ಬರುತ್ತಿರಲಿಲ್ಲ.

ಜಂಪರ ಎಂದು ಕೂಗಿದ್ದ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು.

ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ಗೆಳೆಯನಿಗೆ ಅದು ಕೇಳಲಿಲ್ಲ. ಮಷಿನ್ನು ನಿಂತದ್ದು ಮಾತ್ರ ಅಂಗೈಗೆ ತಿಳಿಯಿತು. ಅವನು ಹಲಗೆಯನ್ನು ಒಮ್ಮೆ ತಟ್ಟಿದ. ಮತ್ತೊಮ್ಮೆ ತಟ್ಟಿದ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕತ್ತು ತಿರುಗಿಸಿ, ವೇದಿಕೆಯ ಮೂಲೆಯಲ್ಲಿ ಚೀಲದೊಳಗೆ ಕೈ ಇಟ್ಟುಕೊಂಡು ನಿಂತಿದ್ದ ನನ್ನನ್ನು ಹುಡುಕಿ, ಹಳೆಯ ಸಿಟ್ಟಿನ ದನಿಯಲ್ಲಿ ಕೇಳಿದ.

"ಯಾಕಲೇ ನಿಂತ್ರು? ಮುಂದಿಂದು ಯಾವ ಹಾಡು? ಹೇಳೂದು ನಿನ್ನ ಕೆಲಸ ಅಲ್ಲೇನು?"

ನಾನು ಲಾಳಿಯನ್ನು ಚೀಲದಲ್ಲೇ ಬಿಟ್ಟು ಮೈಕು ತೆಗೆದುಕೊಂಡೆ. ಏನೋ ಹೇಳಬೇಕೆಂದು ಬಾಯಿ ತೆರೆದೆ. ಸಭೆ ಕಾಯುತ್ತಿತ್ತು. ಕೀಬೋರ್ಡಿನ ಹುಡುಗಿ ಗಡಿಯಾರ ನೋಡಿಕೊಂಡಳು. ಕೈಯಲ್ಲಿದ್ದ ಚೀಟಿ ನೋಡಿ ಎರಡನೆಯ ಹಾಡು ಯಾವುದೆಂದು ಓದಿ ಹೇಳಿದೆ.